ಅನುಮಾನ ಬಂದರೆ ಎಬ್ಬಿಸು

ಇಬ್ಬರೇ ಇರುವ ದೋಣಿಯಲ್ಲಿ ರಾತ್ರಿ ಯಾರು ಮಲಗುತ್ತಾರೆ?

ಪ್ರಶ್ನೆ ನನ್ನದಲ್ಲ, ಆರನೇ ಕ್ಲಾಸಿನ ನನ್ನ ಮೊಮ್ಮಗಳದು. ‘ತಾರಿಣಿ’ ಎಂಬ ಹಾಯಿದೋಣಿಯ ಸಂಗತಿ ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಳು. ನಮ್ಮ ನೌಕಾಪಡೆಯ ಇಬ್ಬರು ಅಧಿಕಾರಿಗಳು, ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ., 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಇಡೀ ಭೂಮಿ ಸುತ್ತಿ, 2025ರ ಮೇ 29ಕ್ಕೆ ಗೋವಾಕ್ಕೇ ಬಂದು ಸೇರಿದರು. ಮೂರನೆಯವರು ಇರಲಿಲ್ಲ. ದೋಣಿಯ ಉದ್ದ 17 ಮೀಟರ್, ಅಂದರೆ ನಮ್ಮೂರಿನ ಕೆಂಪು ಬಸ್ಸಿನ ಒಂದೂವರೆಯಷ್ಟು. ನಡುವೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್ ದ್ವೀಪ, ದಕ್ಷಿಣ ಆಫ್ರಿಕಾಗಳಲ್ಲಿ ದಡ ಮುಟ್ಟಿದ್ದು ಬಿಟ್ಟರೆ ಉಳಿದದ್ದೆಲ್ಲ ನೀರು. ಪೆಸಿಫಿಕ್ ಸಾಗರದಲ್ಲಿ ‘ಪಾಯಿಂಟ್ ನೀಮೊ’ ಎಂಬ ಜಾಗವನ್ನೂ ಹಾದು ಹೋದರು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಹತ್ತಿರದ ನೆಲ 2,688 ಕಿಲೋಮೀಟರ್ ದೂರ!

‘ರಾತ್ರಿ ದೋಣಿ ನಿಲ್ಲಿಸಿ ಮಲಗಬಹುದಲ್ಲ ಅಜ್ಜಿ?’ ಎಂದಳು. ಆಗುವುದಿಲ್ಲ. ಕೆಲವು ಕಿಲೋಮೀಟರ್ ಆಳದ ನೀರಿನಲ್ಲಿ ಲಂಗರು ನೆಲ ಮುಟ್ಟುವುದಿಲ್ಲ. ಗಾಳಿ ಕತ್ತಲಾಯಿತೆಂದು ಸುಮ್ಮನಾಗುವುದಿಲ್ಲ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಎದ್ದಿರಬೇಕು, ಇನ್ನೊಬ್ಬರು ಮಲಗಬೇಕು. ಮೂರೋ ನಾಲ್ಕೋ ಗಂಟೆಗೆ ಸರದಿ ಬದಲು. ಗಂಡ ಹೆಂಡತಿ ಇಬ್ಬರೇ ಸಣ್ಣ ಹಾಯಿದೋಣಿಯಲ್ಲಿ ಸಾಗರ ದಾಟುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅವರದ್ದೂ ಇದೇ ಕ್ರಮ. ಹಿಂದಿನ ಕಾಲದ ದೊಡ್ಡ ಹಡಗುಗಳಲ್ಲಿ ನಾಲ್ಕು ಗಂಟೆಗೆ ಒಂದು ಪಹರೆ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತ, ಎಂಟು ಪೆಟ್ಟು ಬಿದ್ದಾಗ ಪಹರೆ ಮುಗಿಯಿತು ಎಂದು ಲೆಕ್ಕ. ನಮ್ಮ ಹಿರಿಯರು ಮಾಡಿದ್ದ ‘ಜಾವ’ವೂ ಇಂಥದ್ದೇ ಅಲ್ಲವೇ? ಹಗಲಿಗೆ ನಾಲ್ಕು ಜಾವ, ಇರುಳಿಗೆ ನಾಲ್ಕು ಜಾವ, ಒಂದೊಂದು ಮೂರು ಗಂಟೆಯದು.

ಸಮುದ್ರದಲ್ಲಿ ಏನನ್ನು ಕಾಯುವುದು, ಅಲ್ಲಿ ಕಳ್ಳರಿಲ್ಲ, ದನ ನುಗ್ಗುವುದಿಲ್ಲ ಎಂದು ನನಗೂ ಮೊದಲು ಅನ್ನಿಸಿತ್ತು. ಕಾಯುವುದು ಬೇರೆ ಹಡಗುಗಳನ್ನು. ಸಣ್ಣ ದೋಣಿಯ ಮೇಲೆ ಕುಳಿತವರ ಕಣ್ಣು ನೀರಿನಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಇರುತ್ತದೆ. ಅಷ್ಟು ಎತ್ತರದಿಂದ ದಿಗಂತ ಐದಾರು ಕಿಲೋಮೀಟರ್ ಅಷ್ಟೇ. ಸರಕು ಹಡಗು ಗಂಟೆಗೆ 35 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬರಬಹುದು. ಐದಾರು ಕಿಲೋಮೀಟರಿಗೆ ಅದಕ್ಕೆ ಹತ್ತು ನಿಮಿಷ ಸಾಕು. ದೊಡ್ಡ ಹಡಗಿನ ಎತ್ತರದ ದೀಪ ಇನ್ನೂ ದೂರದಿಂದಲೇ ಕಾಣುತ್ತದೆ ಅನ್ನಿ, ಆದರೂ ಮಳೆ ಮಂಜಿನಲ್ಲಿ ನಂಬಲಾಗದು. ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆಯಾದರೂ ಎದ್ದು ಸುತ್ತ ಒಂದು ಸಲ ಕಣ್ಣಾಡಿಸಲೇಬೇಕು.

ಹಡಗಿನ ದೀಪಗಳಲ್ಲಿ ಒಂದು ಜಾಣತನ ಇದೆ, ಮಕ್ಕಳು ನೆನಪಿಟ್ಟುಕೊಳ್ಳಬಹುದು. ಎಲ್ಲ ಹಡಗಿಗೂ ಎಡಮಗ್ಗುಲಲ್ಲಿ ಕೆಂಪು ದೀಪ, ಬಲಮಗ್ಗುಲಲ್ಲಿ ಹಸಿರು ದೀಪ. ಕತ್ತಲಲ್ಲಿ ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ. ಹಸಿರು ಮಾತ್ರ ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ? ನೇರವಾಗಿ ನಮ್ಮ ಮೇಲೇ ಬರುತ್ತಿದೆ, ಬೇಗ ಏನಾದರೂ ಮಾಡಬೇಕು!

ಇಷ್ಟು ಹೇಳುವ ನಾನು ಸಮುದ್ರ ನೋಡಿರುವುದು ಮಂಗಳೂರಿನಲ್ಲಿ ಎರಡು ಸಲ, ಅದೂ ಹಗಲು ಹೊತ್ತು, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು. ಆದರೆ ಇಬ್ಬರೇ ಸೇರಿ ರಾತ್ರಿ ಕಾಯುವುದು ಹೇಗೆಂದು ಚೆನ್ನಾಗಿ ಗೊತ್ತು. ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಇಪ್ಪತ್ತು ವರ್ಷ ನಾನೂ ನಮ್ಮ ಯಜಮಾನರೂ ಹೊಗೆಸೊಪ್ಪಿನ ಬ್ಯಾರನ್ ಕಾದಿದ್ದೇವೆ.

ಬ್ಯಾರನ್ ನೋಡದ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ಅರಕಲಗೂಡಿನಿಂದ ರಾಮನಾಥಪುರದ ಕಡೆ ಹೋಗುವಾಗ ಹೊಲಗಳ ನಡುವೆ ಕಿಟಕಿಯಿಲ್ಲದ, ಎತ್ತರವಾದ, ಚೌಕನೆಯ ಮನೆಗಳು ಕಾಣುತ್ತವೆ. ಒಳಗೆ ಅಂತಸ್ತು ಅಂತಸ್ತಾಗಿ ಗಳಗಳು. ಹೊಲದಲ್ಲಿ ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಗಳಗಳ ಮೇಲೆ ಸಾಲಾಗಿ ನೇತು ಹಾಕಬೇಕು. ಗೋಡೆಯ ಹೊರಗೆ ಒಲೆ. ಒಲೆಯ ಬಿಸಿ ಮತ್ತು ಹೊಗೆ ದಪ್ಪ ತಗಡಿನ ಕೊಳವೆಯೊಳಗೆ ಹರಿದು, ಬ್ಯಾರನ್ನಿನ ನೆಲದ ಮೇಲೆ ಸುತ್ತು ಹೊಡೆದು ಹೊರಗೆ ಹೋಗುತ್ತದೆ. ಹೊಗೆ ಸೊಪ್ಪಿಗೆ ತಾಗಕೂಡದು, ಬಿಸಿ ಮಾತ್ರ ತಾಗಬೇಕು. ಒಳಗೆ ಥರ್ಮಾಮೀಟರ್ ತೂಗುತ್ತಿರುತ್ತದೆ. ಸಣ್ಣ ಗಾಜಿನ ಕಿಂಡಿಯಿಂದ ಟಾರ್ಚ್ ಬಿಟ್ಟು ಅದನ್ನು ಓದಬೇಕು. ಇದಕ್ಕೆ ಸೊಪ್ಪು ಬೇಯಿಸುವುದು ಎನ್ನುತ್ತಾರೆ. ಬೇಯಿಸುವುದೇನೋ ನಿಜ, ಆದರೆ ಅಡುಗೆಯ ಹಾಗೆ ಅರ್ಧ ಗಂಟೆಯಲ್ಲಿ ಇಳಿಸುವಂಥದ್ದಲ್ಲ. ಐದಾರು ಹಗಲು, ಐದಾರು ರಾತ್ರಿ.

ನಮ್ಮ ಥರ್ಮಾಮೀಟರ್ ಫ್ಯಾರನ್‌ಹೀಟಿನದು. 95 ಡಿಗ್ರಿಯಿಂದ ಶುರು, ಅಂದರೆ ನಿಮ್ಮ ಲೆಕ್ಕದಲ್ಲಿ 35 ಡಿಗ್ರಿ ಸೆಲ್ಸಿಯಸ್. ಮೊದಲ ಎರಡು ದಿನ ನೂರರ ಆಸುಪಾಸಿನಲ್ಲೇ ಇಟ್ಟು ಸೊಪ್ಪು ಹಳದಿಗೆ ತಿರುಗುವವರೆಗೆ ಕಾಯಬೇಕು. ಆಮೇಲೆ ಗಂಟೆಗೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ ಏರಿಸುತ್ತ, ಮೇಲಿನ ಗಾಳಿಕಿಂಡಿ ತೆರೆದು ತೇವ ಹೊರಗೆ ಬಿಡುತ್ತ ಹೋಗಬೇಕು. ಎಲೆ ಒಣಗಿದರೂ ನಡುವಿನ ದಂಟು ಬೇಗ ಒಣಗುವುದಿಲ್ಲ. ಅದಕ್ಕಾಗಿ ಕೊನೆಯಲ್ಲಿ 160ರವರೆಗೆ ಏರಿಸಬೇಕು, 71 ಡಿಗ್ರಿ ಸೆಲ್ಸಿಯಸ್. ಅವಸರ ಮಾಡಿ ಬೆಂಕಿ ಹೆಚ್ಚಿಸಿದರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ. ಬೆಂಕಿ ಕುಂದಿ ತೇವ ಒಳಗೇ ನಿಂತರೆ ಕಂದಿ ಕಪ್ಪಾಗುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬಣ್ಣ ನೋಡಿಯೇ ಬೆಲೆ ಕಟ್ಟುವುದು. ಒಂದು ರಾತ್ರಿ ಎರಡು ಗಂಟೆ ಕಣ್ಣು ಮುಚ್ಚಿದರೆ ವರ್ಷದ ಸಾಲ ತೀರುವುದಿಲ್ಲ ಎಂಬ ಲೆಕ್ಕ ನಮಗೆ ಬಾಯಿಪಾಠವಾಗಿತ್ತು.

ಹೊಗೆಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದಲ್ಲವೇ ಎಂದು ಮೊಮ್ಮಗಳು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಕೇಳುತ್ತಾಳೆ. ಕೆಟ್ಟದ್ದೇ. ಸೇದುವವರಿಗೆ ಮಾತ್ರವಲ್ಲ, ಮಳೆಯಲ್ಲಿ ನೆಂದ ಹಸಿ ಸೊಪ್ಪು ಮುರಿಯುವವರಿಗೂ ತಲೆಸುತ್ತು, ವಾಂತಿ ಬರುತ್ತದೆ. ಅದರಲ್ಲಿ ಬಂದ ದುಡ್ಡಿನಿಂದಲೇ ಇವಳ ಅಪ್ಪ ಓದಿದ್ದು, ಅದೂ ನಿಜ. ನಾವು ಈಗ ಆ ಬೆಳೆ ಬಿಟ್ಟಿದ್ದೇವೆ. ಅಲ್ಲಿ ತೆಂಗು ಇದೆ, ನಾವು ಹೊಳೆನರಸೀಪುರದಲ್ಲಿ ಮಗನ ಮನೆಯಲ್ಲಿ ಇದ್ದೇವೆ.

ನಮ್ಮ ಸರದಿ ಹೀಗಿತ್ತು. ಮುದ್ದೆ ಉಂಡು ಪಾತ್ರೆ ತೊಳೆದ ಮೇಲೆ ಒಂಬತ್ತರಿಂದ ಹನ್ನೆರಡರವರೆಗೆ ನಾನು. ಹನ್ನೆರಡರಿಂದ ಮೂರು ಅವರು. ಮೂರರಿಂದ ಬೆಳಗಿನವರೆಗೆ ಮತ್ತೆ ನಾನು, ಏಕೆಂದರೆ ಹೇಗೂ ಕೊಟ್ಟಿಗೆ ಕೆಲಸಕ್ಕೆ ಏಳಲೇಬೇಕಿತ್ತು. ಲೆಕ್ಕ ಮಾಡಿದವರಿಗೆ ಗೊತ್ತಾಗುತ್ತದೆ, ಎರಡು ಜಾವ ನನ್ನದು, ಒಂದು ಜಾವ ಅವರದು! ಹಗಲು ಸೌದೆ ಸೀಳುವುದು ಅವರ ಪಾಲು, ಅದಕ್ಕೆ ಸರಿಹೋಯಿತು ಎಂದು ಅವರು ಇವತ್ತಿಗೂ ವಾದಿಸುತ್ತಾರೆ. ನಾನು ಒಪ್ಪಿಲ್ಲ. ಹಗಲು ಅಡುಗೆ, ಮಕ್ಕಳು, ದನ, ಸೊಪ್ಪು ಕಟ್ಟುವ ಆಳುಗಳ ಊಟ ಯಾರು ನೋಡುತ್ತಿದ್ದರು? ಹೆಂಗಸರ ಪಹರೆಗೆ ಎಂಟನೇ ಗಂಟೆ ಬಾರಿಸುವವರು ಯಾವ ಕಾಲದಲ್ಲೂ ಇರಲಿಲ್ಲ.

ಸರದಿ ಬದಲಾಗುವಾಗ ನಮ್ಮ ಮಾತು ಎರಡೇ ಸಾಲು.

‘ಎಷ್ಟೈತ್ರೀ?’

‘ನೂರಾ ಹದಿನೆಂಟು. ಈಗ ಎರಡು ಕೊರಡು ಹಾಕಿವ್ನಿ. ಮೇಲಿನ ಕಿಂಡಿ ಅರ್ಧ ತೆಗ್ದದೆ. ಪಡುವಲಿಂದ ಮಳೆ ಬರೋ ಹಂಗದೆ, ನೋಡ್ಕೊ.’

ಅಷ್ಟೇ. ಹೇಳಿದವರು ಚಾಪೆಯ ಮೇಲೆ ಬಿದ್ದರೆ ಗೊರಕೆ. ಹಡಗಿನಲ್ಲೂ ಹೀಗೇ ಅಂತೆ. ಎದ್ದು ಬಂದವರಿಗೆ ದಿಕ್ಕು ಯಾವುದು, ಗಾಳಿ ಹೇಗಿದೆ, ಯಾವ ಕಡೆ ಯಾವ ದೀಪ ಕಂಡಿತು ಎಂದು ಹೇಳದೆ ಹಿಂದಿನವರು ಮಲಗಲು ಹೋಗುವಂತಿಲ್ಲ. ನಮ್ಮಲ್ಲಿ ಓದು ಬಲ್ಲವರು ಥರ್ಮಾಮೀಟರಿನ ಅಂಕಿಯನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದರು. ನಮ್ಮ ಬ್ಯಾರನ್ನಿನ ಗೋಡೆಯಲ್ಲಿ ಆ ಅಂಕಿಗಳು ಈಗಲೂ ಇವೆ.

ಆದರೆ ಇದಕ್ಕೆಲ್ಲ ಮೊದಲು ಒಂದು ಕರಾರು ಇರಬೇಕು. ನಮಗೆ ಅದನ್ನು ಹಾಕಿಕೊಟ್ಟವರು ನಮ್ಮ ಮಾವ. ಮದುವೆಯಾದ ವರ್ಷ ನನ್ನನ್ನು ಮೊದಲ ಸಲ ಒಲೆಯ ಮುಂದೆ ಕೂರಿಸುವಾಗ ಮಗನನ್ನೂ ಕರೆದು ಹೇಳಿದರು: ‘ನೋಡವ್ವ, ಅನುಮಾನ ಬಂದ್ರೆ ಎಬ್ಬಿಸು. ಏನೂ ಇಲ್ದಿದ್ರೂ ಪರವಾಗಿಲ್ಲ. ನೀನು, ಲೋ, ಎಬ್ಬಿಸಿದಾಗ ಸಿಡುಕಬ್ಯಾಡ. ಸಿಡುಕಿದ್ರೆ ನಾಳೆ ಎಬ್ಬಿಸಾಕಿಲ್ಲ.’

ಆ ವರ್ಷ ನಾನು ಅವರನ್ನು ಎಬ್ಬಿಸಿದ್ದಕ್ಕೆ ಲೆಕ್ಕವಿಲ್ಲ. ಗೂಬೆ ಕೂಗಿದ್ದಕ್ಕೆ ಎಬ್ಬಿಸಿದೆ. ಥರ್ಮಾಮೀಟರಿನ ಗಾಜಿಗೆ ಹಬೆ ಕಟ್ಟಿ ಅಂಕಿ ಕಾಣದಿದ್ದಾಗ ಎಬ್ಬಿಸಿದೆ. ಯಾರದೋ ನಾಯಿಯನ್ನು ಚಿರತೆ ಎಂದುಕೊಂಡು ಎಬ್ಬಿಸಿದೆ. ಪ್ರತಿ ಸಲವೂ ಎದ್ದು ಬಂದು, ಟಾರ್ಚ್ ಬಿಟ್ಟು ನೋಡಿ, ‘ಏನಿಲ್ಲ, ಕೂತ್ಕೊ’ ಎಂದು ಹೇಳಿ ಹೋಗಿ ಮಲಗುತ್ತಿದ್ದರು. ಮುಖ ಊದಿರುತ್ತಿತ್ತು, ಆದರೆ ಮಾತಿನಲ್ಲಿ ಸಿಡುಕು ಇರುತ್ತಿರಲಿಲ್ಲ.

ಎರಡನೇ ವರ್ಷದ ಸೆಪ್ಟೆಂಬರ್. ನಾಲ್ಕನೇ ರಾತ್ರಿ, ಬಿಸಿ 150 ದಾಟಿತ್ತು. ಸೊಪ್ಪು ಹಪ್ಪಳದಂತೆ ಗರಿಗರಿಯಾಗಿರುವ ಹೊತ್ತು, ಬೆಂಕಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಹೊರಗೆ ಜಿಟಿಜಿಟಿ ಮಳೆ. ಸುಮಾರು ನಾಲ್ಕು ಗಂಟೆಗೆ ಏನೋ ವಾಸನೆ ಬಂತು. ಸೌದೆಯ ಹೊಗೆಯ ವಾಸನೆ ಅಲ್ಲ, ಬೇರೆ ಥರ, ಮೂಗಿನೊಳಗೆ ಚುಚ್ಚುವಂಥದ್ದು. ಕಿಂಡಿಯಲ್ಲಿ ನೋಡಿದರೆ ಬೆಂಕಿ ಕಾಣಲಿಲ್ಲ. ನನ್ನ ಭ್ರಮೆಯೇ ಇರಬಹುದು, ಮೂರು ರಾತ್ರಿಯ ನಿದ್ದೆಗೆಟ್ಟ ಮೂಗು. ಆದರೂ ‘ರೀ’ ಎಂದು ಒಂದು ಸಲ ಕೂಗಿದೆ. ಎದ್ದರು, ಮೂಸಿದರು, ಮಾತೇ ಆಡದೆ ಒಲೆಯ ಹತ್ತಿರ ಓಡಿದರು. ಉರಿಯುವ ಕೊರಡುಗಳನ್ನು ಹೊರಗೆ ಎಳೆದು ಕೆಡವಿದರು. ನಾನು ನೀರು ಸುರಿದೆ. ಮಾವ ಹಟ್ಟಿಯಿಂದ ಓಡಿ ಬಂದು, ಬಾಗಿಲು ತೆಗೆಯಬೇಡಿ, ಕಿಂಡಿ ಮುಚ್ಚಿ ಎಂದು ಕೂಗಿದರು. ಗಾಳಿ ಸಿಕ್ಕರೆ ಇಡೀ ಬ್ಯಾರನ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಆದದ್ದು ಇಷ್ಟು: ಕೆಳಗಿನ ಸಾಲಿನ ಒಂದು ಕಡ್ಡಿಯ ದಾರ ಸಡಿಲವಾಗಿ ನಾಲ್ಕೈದು ಎಲೆ ಕಾದ ಕೊಳವೆಯ ಮೇಲೆ ಬಿದ್ದು ಕಮರುತ್ತಿದ್ದವು. ಇನ್ನೂ ಉರಿ ಎದ್ದಿರಲಿಲ್ಲ. ಒಂದಿಷ್ಟು ಸೊಪ್ಪು ಕೆಟ್ಟಿತು, ಉಳಿದದ್ದು ಉಳಿಯಿತು. ಅದೇ ಹಂಗಾಮಿನಲ್ಲಿ ಆಚೆ ಊರಿನ ಒಂದು ಬ್ಯಾರನ್ ಸೂರು ಸಮೇತ ಸುಟ್ಟು ಹೋಗಿತ್ತು.

ಆ ಹಿಂದಿನ ವರ್ಷ ಗೂಬೆಯ ಕೂಗಿಗೆ ಎದ್ದಾಗ ಅವರು ಒಂದು ಸಲ ರೇಗಿದ್ದರೆ, ಆ ರಾತ್ರಿ ನಾನು ಇನ್ನೊಂದು ಐದು ನಿಮಿಷ ನೋಡೋಣ ಎಂದು ಕೂರುತ್ತಿದ್ದೆನೋ ಏನೋ. ದೊಡ್ಡ ಹಡಗುಗಳ ಕ್ಯಾಪ್ಟನ್ನರು ರಾತ್ರಿ ಮಲಗುವ ಮುಂಚೆ ಬರೆದಿಡುವ ಆದೇಶಗಳಲ್ಲೂ ಈ ಮಾತು ಇದ್ದೇ ಇರುತ್ತದಂತೆ: ಸ್ವಲ್ಪ ಅನುಮಾನ ಬಂದರೂ ನನ್ನನ್ನು ಕರೆಯಿರಿ. ನಮ್ಮ ಮಾವ ಹಡಗು ನೋಡಿದವರಲ್ಲ, ಕಾವೇರಿಯಲ್ಲಿ ಹರಿಗೋಲು ನೋಡಿದವರು.

ರಾತ್ರಿ ಕಾಯುವುದರಲ್ಲಿ ಎದ್ದಿರುವುದು ಕಷ್ಟ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಮಲಗುವುದೇ ಹೆಚ್ಚು ಕಷ್ಟ. ಕಣ್ಣು ಮುಚ್ಚಿದರೂ ಕಿವಿ ಒಲೆಯ ಕಡೆಗೇ ಇರುತ್ತದೆ. ಇನ್ನೊಬ್ಬರ ಕೈಗೆ ಪೂರ್ತಿ ಬಿಟ್ಟು ಮಲಗಿದರೆ ಮಾತ್ರ ಅದು ನಿದ್ದೆ. ಒಂದು ಸುತ್ತು ನಿದ್ದೆ ಸುಮಾರು ಒಂದೂವರೆ ಗಂಟೆಯದು ಎಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಒಂದು ಜಾವದಲ್ಲಿ ಎರಡು ಸುತ್ತು ಸಿಗುತ್ತದೆ. ನಮ್ಮ ಹಿರಿಯರ ಮೂರು ಗಂಟೆಯ ಲೆಕ್ಕ ಮನುಷ್ಯನ ಮೈಗೆ ಹೊಂದಿಕೊಂಡೇ ಇದೆ. ಮೈಯ ಬಿಸಿ ತೀರಾ ಇಳಿಯುವುದು, ತೂಕಡಿಕೆ ಹೆಚ್ಚಾಗುವುದು ಬೆಳಗಿನ ಮೂರರಿಂದ ಐದರ ನಡುವೆ. ಹಾಯಿದೋಣಿಯವರು ಆ ಹೊತ್ತಿನಲ್ಲಿ ಅಡುಗೆಮನೆಯ ಅಲಾರಂ ಇಟ್ಟುಕೊಳ್ಳುತ್ತಾರೆ. ಹೊರಗೆ ಬರುವ ಮುಂಚೆ ಮೈಗೆ ತೊಟ್ಟ ಪಟ್ಟಿಯನ್ನು ಹಗ್ಗದಿಂದ ದೋಣಿಗೆ ಬಿಗಿದುಕೊಳ್ಳುತ್ತಾರೆ. ಏಕೆಂದರೆ ತೂಕಡಿಸಿ ನೀರಿಗೆ ಬಿದ್ದರೆ, ಒಳಗೆ ಮಲಗಿದವರಿಗೆ ಗೊತ್ತಾಗುವುದು ಸರದಿ ಬದಲಾಗುವ ಹೊತ್ತಿಗೇ. ನಾನು ಅಲಾರಂ ಬದಲು ಹುರುಳಿಕಾಳು ಹುರಿದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹುರುಳಿಕಾಳು ಅಗಿಯುತ್ತ ನಿದ್ದೆ ಮಾಡಿದವರನ್ನು ನಾನು ಕಂಡಿಲ್ಲ.

ಬ್ಯಾರನ್ ಬಿಟ್ಟವರಿಗೂ ರಾತ್ರಿ ಕಾವಲು ತಪ್ಪಿಲ್ಲ. ಚನ್ನರಾಯಪಟ್ಟಣ ನನ್ನ ತವರು ಕಡೆ. ಅಲ್ಲಿ ನನ್ನ ತಂಗಿಯ ಮಗಳು, ಅಳಿಯ ತೋಟ ಮಾಡಿಕೊಂಡಿದ್ದಾರೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ತೆಂಗಿಗೆ ಹನಿ ನೀರಾವರಿ ಇದೆ, ಮೊಬೈಲಿನಲ್ಲೇ ಮೋಟಾರು ಶುರುವಾಗುತ್ತದೆ. ತರಕಾರಿ ಸಾಲಿಗೆ ಮಾತ್ರ ಗುದ್ದಲಿ ಹಿಡಿದು ನೀರು ಕಟ್ಟಲೇಬೇಕು. ರಾತ್ರಿ ಬದುವಿನ ಮೇಲೆ ಕೊಳಕುಮಂಡಲ ಹಾವಿನ ಭಯ, ಅದು ಓಡಾಡುವುದೇ ಇರುಳಿನಲ್ಲಿ. ಮೊಣಕಾಲವರೆಗಿನ ಬೂಟು, ಟಾರ್ಚು, ಕೋಲು ಇಲ್ಲದೆ ಅಳಿಯ ಹೊರಡುವುದಿಲ್ಲ. ಮಕ್ಕಳು ಚಿಕ್ಕವರು, ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ. ಅದಕ್ಕೆ ಅವರು ಮಾಡಿಕೊಂಡ ಉಪಾಯ ನನಗೆ ತುಂಬ ಹಿಡಿಸಿತು. ತೋಟದಿಂದ ಅರ್ಧ ಗಂಟೆಗೊಂದು ಮಿಸ್ಡ್ ಕಾಲ್! ಅದು ಬಂದರೆ ಎಲ್ಲ ಸರಿ ಇದೆ ಎಂದು ಅರ್ಥ. ಬರದಿದ್ದರೆ ಅವಳು ಫೋನ್ ಮಾಡುತ್ತಾಳೆ. ಅವನು ಎತ್ತದಿದ್ದರೆ ಪಕ್ಕದ ಮನೆಯ ಭಾವನನ್ನು ಎಬ್ಬಿಸುತ್ತಾಳೆ. ಹಳೆಯ ಹಡಗಿನ ಅರ್ಧ ಗಂಟೆಯ ಗಂಟೆಯ ಕಥೆ ಹೇಳಿದರೆ ಇಬ್ಬರೂ ನಕ್ಕರು. ನಮಗೆ ಯಾರೂ ಹೇಳಿಕೊಟ್ಟಿಲ್ಲ ದೊಡ್ಡಮ್ಮ ಎಂದರು.

ಒಬ್ಬರೇ ಹೋದರೆ? ಹೋದವರೂ ಇದ್ದಾರೆ. ನೌಕಾಪಡೆಯ ಅಭಿಲಾಷ್ ಟೋಮಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯದಲ್ಲಿದ್ದಾಗ, 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿದರು. ಹಾಯಿಗಂಬ ಮುರಿಯಿತು, ಬೆನ್ನಿಗೆ ಏಟಾಗಿ ಏಳಲಾಗಲಿಲ್ಲ. ಎಬ್ಬಿಸಲು ಇನ್ನೊಬ್ಬರಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸಿ ಕಾದರು. ಮೂರು ದಿನದ ನಂತರ ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡಿತು. ಅವರು ಸುಮ್ಮನಿರಲಿಲ್ಲ. ಮತ್ತೆ ಅದೇ ಪಂದ್ಯಕ್ಕೆ ಹೋಗಿ 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಉಪಗ್ರಹ ಎಂದಾಗ ನಮ್ಮ ಹಾಸನವನ್ನು ಬಿಡುವಂತಿಲ್ಲ. ಊರಿನವರು ಎಂಸಿಎಫ್ ಎಂದು ಕರೆಯುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ದೊಡ್ಡ ದೊಡ್ಡ ಬಟ್ಟಲಿನಂಥ ಆಂಟೆನಾಗಳನ್ನು ಶಾಲೆಯ ಮಕ್ಕಳು ಬಸ್ಸಿನಿಂದ ನೋಡಿರುತ್ತೀರಿ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳು ಜಾಗ ತಪ್ಪದಂತೆ, ಬಿಸಿ ಹೆಚ್ಚಾಗದಂತೆ ಹಗಲೂ ರಾತ್ರಿ ಪಾಳಿಯ ಮೇಲೆ ಕೂತು ನೋಡಿಕೊಳ್ಳುವವರು ಅಲ್ಲಿದ್ದಾರೆ. ಅವರಲ್ಲಿಯೂ ಒಬ್ಬರು ಇನ್ನೊಬ್ಬರಿಗೆ ಅಂಕಿಗಳನ್ನು ಒಪ್ಪಿಸಿಯೇ ಮನೆಗೆ ಹೋಗಬೇಕು. ಅವುಗಳಲ್ಲಿ ಇನ್ಸಾಟ್-3ಡಿ ಬಳಗದ ಉಪಗ್ರಹಗಳು ಮೋಡ, ಮಳೆ ನೋಡುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತವೆ. ಸಮುದ್ರದಲ್ಲಿ ಆಪತ್ತಿಗೆ ಸಿಕ್ಕಿದ ದೋಣಿ ತನ್ನ ತುರ್ತು ಯಂತ್ರದಿಂದ ಕೂಗಿದರೆ ಆ ಕೂಗನ್ನು ಹಿಡಿದು ನೆಲಕ್ಕೆ ತಲುಪಿಸುತ್ತವೆ. ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕೂತು ಸಮುದ್ರದವರ ಪಾಲಿನ ಕಾವಲು!

ಮಕ್ಕಳಿಗೆ ಒಂದು ಕೆಲಸ. ಗಡಿಯಾರ, ದಿಕ್ಸೂಚಿ ಇಲ್ಲದ ಕಾಲದಲ್ಲಿ ಹಡಗಿನವರೂ ಕಣ ಕಾಯುವವರೂ ನಕ್ಷತ್ರ ನೋಡುತ್ತಿದ್ದರು. ಮೋಡವಿಲ್ಲದ ರಾತ್ರಿ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ತಾರಸಿಗೆ ಹೋಗಿ, ಇಲ್ಲವೇ ಕೆರೆ ಏರಿಗೆ. ಉತ್ತರಕ್ಕೆ ಮುಖ ಮಾಡಿ, ತೋಳನ್ನು ನೇರ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಎತ್ತರ ಆಕಾಶದಲ್ಲಿ ಸುಮಾರು 10 ಡಿಗ್ರಿ. ಹಾಸನವಾಗಲಿ, ಹೊಳೆನರಸೀಪುರವಾಗಲಿ, ಚನ್ನರಾಯಪಟ್ಟಣ, ಅರಕಲಗೂಡು ಆಗಲಿ, ನಮ್ಮ ಊರುಗಳೆಲ್ಲ ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಆದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಅಂದರೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ತಾರಿಣಿಯವರು ದಕ್ಷಿಣಕ್ಕೆ ಹೋಗುತ್ತ ಹೋಗುತ್ತ ಅದು ದಿನದಿನಕ್ಕೆ ಕೆಳಗೆ ಜಾರಿ, ಭೂಮಧ್ಯರೇಖೆ ದಾಟಿದ ಮೇಲೆ ನೀರಿನಾಚೆ ಮರೆಯಾಗಿರುತ್ತದೆ. ತೆಂಗಿನ ಮರ ಅಡ್ಡ ಬಂದರೆ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ. ಬಹಳ ಪ್ರಕಾಶದ ಚುಕ್ಕಿಯಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು, ಅಲ್ಲಿಯವರೆಗೆ ಮೊಬೈಲ್ ಬೆಳಕು ಹಚ್ಚಬೇಡಿ. ಹುರಿದ ಹುರುಳಿಕಾಳು ಇದ್ದರೆ ಜೇಬಿನಲ್ಲಿ ಒಂದು ಹಿಡಿ ಹಾಕಿಕೊಂಡು ಹೋಗಿ.